ಮೈಮೇಲೇ ಹೊಲಿದ ಈಜುಡುಗೆ

ನಮ್ಮ ಬೀದಿಯ ದರ್ಜಿಯ ಅಂಗಡಿಯಲ್ಲಿ ಗಿರಾಕಿಗಳ ಕಣ್ಣಿಗೆ ನೇರ ಹೊಡೆಯುವಂತೆ ಒಂದು ಬೋರ್ಡಿದೆ: ‘ಇಲ್ಲಿ ಹೊಲಿದದ್ದನ್ನು ಬಿಚ್ಚುವುದಿಲ್ಲ.’ ಯಾರಾದರೂ ದಪ್ಪಗಾಗಿ, ಪ್ಯಾಂಟು ಸ್ವಲ್ಪ ಅಗಲ ಮಾಡಿಕೊಡಿ ಎಂದು ಬಂದರೆ, ಬಟ್ಟೆ ಸರಿಯಾಗೇ ಇದೆ, ನೀವೇ ಸ್ವಲ್ಪ ಕರಗಿ ಬನ್ನಿ ಎಂದು ಕಳಿಸುವ ಆಸಾಮಿ. ಹಾಗಾಗಿ ಅವರಿಗೆ ‘ಬಿಚ್ಚೆ ಮಾಸ್ತರ್’ ಎಂಬ ಹೆಸರು ಬಿದ್ದು, ಅವರ ಹೊಲಿಗೆಯಷ್ಟೇ ಗಟ್ಟಿಯಾಗಿ ಕೂತಿದೆ.

ಇಂಥವರು ಎರಡು ದಿನ ಅಂಗಡಿಗೆ ಬೀಗ ಜಡಿದು, ಹೆಂಡತಿ, ತಾಯಿ ಮತ್ತು ಒಂಬತ್ತು ವರ್ಷದ ಮಗಳೊಂದಿಗೆ, ಸೂರಿನಡಿಯೇ ಅಲೆ ಏಳುವ ವಾಟರ್ ಪಾರ್ಕ್ ರೆಸಾರ್ಟಿಗೆ ಹೊರಟಿದ್ದು ಮಗಳ ಹಟಕ್ಕೆ. ಅಲ್ಲಿನ ಎಲ್ಲಕ್ಕಿಂತ ಎತ್ತರದ ಜಾರುಬಂಡೆಯಲ್ಲಿ ಗಾಳಿ ತುಂಬಿದ ದೋಣಿಯೊಂದಿದೆ. ನಾಲ್ಕು ಜನ ಕೂತರೆ ಮಾತ್ರ ಬಿಡುತ್ತಾರೆ. ಮನೆಯಲ್ಲಿರುವುದೂ ನಾಲ್ಕೇ ಜನ. ನಮ್ಮ ಅಳತೆ ತಗೊಂಡೇ ದೋಣಿ ಮಾಡಿದ್ದಾರೆ ಎಂಬುದು ಮಗಳ ವಾದ. ಒಂದು ವರ್ಷದಿಂದ ಅವಳಿಗೆ ಅದೇ ಜಪ.

ನೈಲಾನ್ ಈಜುಡುಗೆ ಕಡ್ಡಾಯ ಎಂದಿತ್ತು. ದರ್ಜಿಯ ಮನೆಯವರು ರೆಡಿಮೇಡ್ ತೊಡುವುದುಂಟೇ? ಮಾಸ್ತರರು ಕಪ್ಪು ಛತ್ರಿಬಟ್ಟೆ ತಂದು ನಾಲ್ವರಿಗೂ ಹೊಲಿದರು. ಭುಜದ ಮೇಲೆ ತೆರೆಯುವ ಹಾಗೆ, ಒಬ್ಬೊಬ್ಬರಿಗೆ ನಾಲ್ಕು ಹಿತ್ತಾಳೆ ಗುಂಡಿ. ಎಲ್ಲರೂ ತೊಟ್ಟು ನಿಂತಾಗ, ಮಳೆಯಿಂದ ಬಂದು ಮೂಲೆಗೆ ಒರಗಿಸಿದ ನಾಲ್ಕು ಕೊಡೆಗಳ ಹಾಗಿದ್ದೇವೆ ಎಂದರು ಹೆಂಡತಿ.

ಮೊದಲ ದಿನ ಬಿಸಿನೀರಿನ ಕೊಳಕ್ಕಿಳಿದ ಅಜ್ಜಿ ನೆನೆಹಾಕಿದ ಕಾಳಿನಂತೆ ಸಂಜೆಯವರೆಗೂ ಮೇಲೆದ್ದಿರಲಿಲ್ಲ. ಎರಡನೇ ದಿನ ತಿಂಡಿಯ ಹೊತ್ತಿಗೆ, ಮೊಮ್ಮಗಳು ಕೈ ಬಿಡಬಾರದೆಂಬ ಷರತ್ತಿನ ಮೇಲೆ, ದೋಣಿಗೆ ಒಪ್ಪಿದರು. ಹನ್ನೆರಡಕ್ಕೆ ಕೊಠಡಿ ಬಿಡಬೇಕು. ಹನ್ನೊಂದಕ್ಕೆ ನಾಲ್ವರೂ ಮೆಟ್ಟಿಲ ಬುಡದಲ್ಲಿದ್ದರು. ಮಗಳು ನಿಂತಲ್ಲಿ ನಿಲ್ಲುತ್ತಿರಲಿಲ್ಲ.

ಕೊರಳಲ್ಲಿ ಸೀಟಿ ತೂಗಿಸಿಕೊಂಡು ಅಲ್ಲಿ ಕಾವಲಿಗಿದ್ದ ಸೀಟಿಯಮ್ಮ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ ತಡೆದರು. ಲೋಹ ತಗುಲಿದರೆ ಜಾರುಬಂಡೆ ಗೀರುತ್ತದೆ, ಗುಂಡಿಯಿದ್ದರೆ ಹತ್ತುವಂತಿಲ್ಲ. ಇಳಿಯಲು ಗುಂಡಿಗೆ ಬೇಕೆಂದು ಅಜ್ಜಿ ಮೊದಲೇ ಹೇಳಿದ್ದರು. ಗುಂಡಿ ಇರಬಾರದೆಂದು ಯಾರೂ ಹೇಳಿರಲಿಲ್ಲ. ಅಲ್ಲೇ ಇದ್ದ ಅಂಗಡಿಗೆ ಓಡಿದರೆ, ಎಲ್ಲರ ಅಳತೆಯ ಉಡುಗೆಯೂ ಇತ್ತು, ಅಜ್ಜಿಯದೊಂದನ್ನು ಬಿಟ್ಟು.

ಉಳಿದದ್ದು ಒಂದೇ ದಾರಿ. ಆ ದಾರಿ ಮಾಸ್ತರರ ಬೋರ್ಡಿನ ಮೇಲೇ ಹಾದುಹೋಗುತ್ತಿತ್ತು.

ಮಗಳು ಅಪ್ಪನ ಮುಖ ನೋಡಿದಳು. ಕುಣಿತ ನಿಂತಿತು. “ಬೇಡ ಬಿಡಪ್ಪ. ನಿನ್ ಬೋರ್ಡ್ ಸುಳ್ಳಾಗುತ್ತೆ,” ಎಂದಳು.

“ಬೋರ್ಡು ಅಂಗಡಿದು ಕಣೇ. ನಾನು ರಜದಲ್ಲಿದೀನಿ,” ಎಂದವರೇ ಮಾಸ್ತರರು ಬಟ್ಟೆ ಇಟ್ಟಿದ್ದ ಲಾಕರಿನತ್ತ ನಡೆದರು.

ಅವರ ಅಂಗಿಯ ಕಾಲರಿನಲ್ಲಿ ದಾರ ಸುತ್ತಿದ ಸೂಜಿ ಸದಾ ಇರುತ್ತದೆ. ಕತ್ತರಿ ಮಾತ್ರ ಮನೆಯಲ್ಲಿತ್ತು. ಸೂಜಿ ತಂದವರೇ ಮೆಟ್ಟಿಲ ಬುಡದಲ್ಲೇ ಹಲ್ಲಿನಿಂದ ಮೊದಲ ಗುಂಡಿ ಕಚ್ಚಿ ಎಳೆದರು. ಅವರ ಹೊಲಿಗೆ ಅವರಿಗೇ ಜಗ್ಗಲಿಲ್ಲ. ಹಲ್ಲು ಹೋದರೆ ಅದನ್ನು ಹೊಲಿಯೋಕಾಗಲ್ಲ ಎಂದು ಹೆಂಡತಿ ಉಗುರು ಕತ್ತರಿಸುವ ಕಟರ್ ಕೊಟ್ಟರು. ಅಮ್ಮನದು ಬಿಚ್ಚಿದ ಮೇಲೆ ಉಳಿದವರಿಗೆ ರೆಡಿಮೇಡ್ ಯಾಕೆ ಎಂದು ಮಾಸ್ತರರು ಎಲ್ಲರದಕ್ಕೂ ಕೈ ಹಾಕಿದರು; ಹದಿನಾರು ಗುಂಡಿಗಳೂ ಮಗಳ ಬೊಗಸೆಗೆ ಬಿದ್ದವು. ಆಮೇಲೆ ತೆರೆದ ಭುಜಗಳನ್ನು ಮೈಮೇಲಿದ್ದ ಹಾಗೇ ಹೊಲಿಯಲು ಕೂತರು. ಅಲ್ಲಾಡಬೇಡಮ್ಮ ಎಂದರೆ ಅಜ್ಜಿ, ನಿನಗೆ ಚಡ್ಡಿ ಹಾಕುವಾಗ ನೀನೆಷ್ಟು ನೆಟ್ಟಗೆ ನಿಂತಿದ್ದೆ ಅಂತ ನನಗೆ ಗೊತ್ತು ಎಂದರು. ಕ್ಯೂನಲ್ಲಿದ್ದವರೆಲ್ಲ ನಕ್ಕರು; ಸೀಟಿಯಮ್ಮ ಸೀಟಿ ಬಾಯಲ್ಲಿಟ್ಟುಕೊಂಡೇ ನಗಲು ಹೋಗಿ ಸೀಟಿ ಊದಿಬಿಟ್ಟರು.

ಮೂವರದಾಯಿತು. ಇನ್ನು ಇಪ್ಪತ್ತು ನಿಮಿಷ. ತನ್ನ ಭುಜಕ್ಕೆ ತಾನೇ ಸೂಜಿ ಹಾಕಲು ಯಾವ ದರ್ಜಿಗೂ ಆಗದು. ಹೆಂಡತಿಗೆ ಕನ್ನಡಕವಿಲ್ಲದೆ ಭುಜವೇ ಮಸುಕು, ಇನ್ನು ಸೂಜಿಯೆಲ್ಲಿ? ಮಾಸ್ತರರು ಇಷ್ಟು ವರ್ಷ ಮಗಳಿಗೆ ಮುಟ್ಟಗೊಡದಿದ್ದ ಸೂಜಿಯನ್ನು ಅವಳ ಕೈಗಿಟ್ಟು, ಮಂಡಿಯೂರಿ ಕೂತರು.

“ಚುಚ್ಚಿದ್ರೆ?”

“ಚುಚ್ಚು. ನಿಲ್ಲಿಸಬೇಡ.”

ಎರಡು ಸಲ ಚುಚ್ಚಿದಳು. ಒಂದೊಂದು ಭುಜಕ್ಕೆ ಆರಾರು ಹೊಲಿಗೆ, ಆರಕ್ಕೂ ಆರು ದಿಕ್ಕು. ಆಮೇಲೆ ತೊಂಬತ್ತಾರು ಮೆಟ್ಟಿಲುಗಳನ್ನು ಅಜ್ಜಿಯನ್ನು ಎಳೆದುಕೊಂಡೇ ಹತ್ತಿದಳು. ದೋಣಿ ತುದಿಯಲ್ಲಿ ಒಂದು ಗಳಿಗೆ ನಿಂತು, ಆಮೇಲೆ ನಿಲ್ಲಲೇ ಇಲ್ಲ. ಕತ್ತಲ ಕೊಳವೆ, ತಿರುವು, ಬೆಳಕು, ಮತ್ತೊಂದು ತಿರುವು. ಛತ್ರಿಬಟ್ಟೆಯ ನುಣುಪಿಗೆ ಅಜ್ಜಿ ಕೂತಲ್ಲಿ ಕೂರದೆ ಒಂದು ಸಲ ಸೊಸೆಯ ಮಡಿಲಿಗೆ, ಒಂದು ಸಲ ಮಗನ ಮಡಿಲಿಗೆ ಜಾರಿದರು. ಮೊಮ್ಮಗಳ ಕೈ ಮಾತ್ರ ಬಿಡಲಿಲ್ಲ. ಕೆಳಗಿನ ಕೊಳಕ್ಕೆ ಧೊಪ್ಪನೆ ಬಿದ್ದು ಎದ್ದಾಗ, ಇನ್ನೊಂದು ಸಲ ಹೋಗೋಣ ಎಂದವರು ಅಜ್ಜಿಯೇ.

ಹನ್ನೆರಡಾಗಿತ್ತು. ಕೊಠಡಿಯಲ್ಲಿ ಕಟರ್ ಹಿಡಿದು ಮೂವರನ್ನು ಉಡುಗೆಯಿಂದ ಬಿಡಿಸಿದ ಮಾಸ್ತರರು, ತಮ್ಮ ಸರದಿ ಬಂದಾಗ ಭುಜ ಮುಟ್ಟಿ ನೋಡಿಕೊಂಡು, ಒದ್ದೆಯ ಮೇಲೇ ಅಂಗಿ ಏರಿಸಿ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಅಲುಗಿದಾಗಲೆಲ್ಲ ಚರಪರ ಸದ್ದು. ಮನೆಗೆ ಬಂದು ಪಕ್ಕೆಯ ಹೊಲಿಗೆ ಬಿಚ್ಚಿ ಹೊರಬಂದರಂತೆ. ಬಿಚ್ಚಿದ್ದು ತಮ್ಮ ಹೊಲಿಗೆಯನ್ನು, ಮಗಳದನ್ನಲ್ಲ. ಭುಜದ ಸೊಟ್ಟ ಹೊಲಿಗೆಗಳು ಹಾಗೇ ಇವೆ; ಆ ಉಡುಗೆ ಈಗ ಬೋರ್ಡಿನ ಕೆಳಗೆ ತೂಗುತ್ತಿದೆ.