ನನ್ನ ತಂಗಿ ಹಾವನ್ನು ಆರಿಸಿಕೊಂಡಳು

ಹುಲಿ, ಚಿರತೆ, ಕೊಕ್ಕರೆ, ಮಂಗ, ಹಾವು. ಇವುಗಳಲ್ಲಿ ನಿಮಗೆ ಯಾವುದು ಬೇಕು?

ಹೋದ ವರ್ಷ ಸವದತ್ತಿಯ ಒಂದು ಕಲ್ಯಾಣ ಮಂಟಪದ ತಾರಸಿಯ ಮೇಲೆ ಕುಂಗ್ ಫೂ ಮಾಸ್ತರರು ನನ್ನ ತಂಗಿ ಗಿರಿಜಾಗೆ ಕೇಳಿದ ಪ್ರಶ್ನೆಯಿದು. ಮಾಸ್ತರರು ರಾಮದುರ್ಗದವರು. ವಾರವೆಲ್ಲ ಬಟ್ಟೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುತ್ತಾರೆ, ರವಿವಾರ ಕರಿ ಡ್ರೆಸ್ ತೊಟ್ಟು ಗುರುವಾಗುತ್ತಾರೆ. ಗೋಡೆಯ ಮೇಲೆ ಪೇಂಟರ್ ಒಬ್ಬನಿಂದ ಪ್ರಾಣಿಗಳನ್ನು ಬರೆಸಿದ್ದರು. (ಹುಲಿ ನಮ್ಮ ಮನೆಯ ಬೆಕ್ಕಿನ ಹಾಗಿತ್ತು.) ಒಂದೊಂದು ಪ್ರಾಣಿಯ ಹೆಸರಿನಲ್ಲಿ ಒಂದೊಂದು ಸ್ಟೈಲ್. ಯಾವುದಾದರೂ ಒಂದನ್ನು ಆರಿಸಿಕೊಂಡು ಅದನ್ನೇ ಕಲಿಯಬೇಕಂತೆ.

"ಹೆಣ್ಣಮಕ್ಕಳಿಗೆ ಕೊಕ್ಕರಿ ಛಲೋರಿ, ಟೀಚರ. ಒಂಟಿ ಕಾಲ ಮ್ಯಾಲೆ ನಿಂತ್ರ ನೋಡಾಕ ಭಾಳ ಚಂದ ಕಾಣಸ್ತೈತಿ" ಅಂದರು.

"ನಾ ಚಂದ ಕಾಣಾಕ ಬಂದಿಲ್ಲರಿ."

ನಾನು ಜೊತೆಗೆ ಕೂತವಳು ಪಕ್ಕನೆ ನಕ್ಕೆ. ಗಿರಿಜಾ ನಗಲಿಲ್ಲ.

ಅವಳು ಮುನವಳ್ಳಿ ಕಡೆಯ ಒಂದು ಹಳ್ಳಿಯಲ್ಲಿ ಪ್ರೈಮರಿ ಶಾಲೆಯ ಟೀಚರ್. (ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿನ ಮಕ್ಕಳು ಒಳ್ಳೆಯವರು.) ಬಸ್ಸು ಇಳಿದು ಜೋಳದ ಹೊಲಗಳ ನಡುವೆ ನಡೆಯಬೇಕು. ಆ ದಾರಿಯಲ್ಲಿ ಒಬ್ಬ ದಿನಾಲೂ ಮೋಟರ್ ಸೈಕಲ್ಲನ್ನು ಅವಳ ಪಕ್ಕಕ್ಕೆ ತಂದು ನಿಧಾನ ಮಾಡುತ್ತಿದ್ದ. ಮೊದಮೊದಲು ಬರೀ ನೋಟ. ಆಮೇಲೆ ಮಾತು. ಆಮೇಲೊಂದು ದಿನ ಸೆರಗಿಗೇ ಕೈ. ದೊಡ್ಡ ಮನೆತನದವನು, ಮದುವೆಯಾದವನು. ಹೆಡ್ ಮಾಸ್ತರರಿಗೆ ಹೇಳಿದರೆ, "ಊರ ಮಂದಿ ಕೂಡ ತಂಟೆ ಬ್ಯಾಡ್ರಿ. ನೀವ ಒಂದೀಟು ಲಗೂ ಬರ್ರಿ" ಅಂದರಂತೆ. ಬೇಗ ಬಂದರೆ ಅವನೂ ಬೇಗ ಬರುತ್ತಿದ್ದ.

"ಹುಲಿ ಹೆಂಗರಿ?" ಗಿರಿಜಾ ಕೇಳಿದಳು.

"ಹುಲಿಗೆ ರಟ್ಟಿ ಗಟ್ಟಿ ಇರಬೇಕರಿ." ಅವಳ ಕಡ್ಡಿಯಂಥ ತೋಳು ನೋಡಿ ಮಾಸ್ತರರು ಮಾತು ತಿರುಗಿಸಿದರು. "ಹಾವಿಗೆ ಬಲ ಬೇಕಾಗಿಲ್ಲ. ಎರಡ ಬೆರಳ ಸಾಕು. ಕಣ್ಣಿಗೆ, ಇಲ್ಲಾ ಗಂಟಲಿಗೆ. ಆದ್ರ ಒಂದ ತೊಂದ್ರಿ ಐತಿ. ಎದುರಿನವನ್ನ ಭಾಳ ಹತ್ರ ಬರಗೊಡಬೇಕಾಕ್ಕೈತಿ."

"ಎಷ್ಟ ಹತ್ರ?"

"ಅವನ ಉಸರು ತಾಕೂವಷ್ಟು."

ಗಿರಿಜಾ ಗೋಡೆಯ ಮೇಲಿನ ಹಾವನ್ನು ನೋಡಿದಳು. "ಹಾವ ಕಲಸ್ರಿ. ಅವ ಹೆಂಗಿದ್ರೂ ಅಷ್ಟ ಹತ್ರ ಬರಾಂವ ಇದ್ದಾನ."

ಆ 'ಅವ' ಯಾರೆಂದು ಮಾಸ್ತರರು ಕೇಳಲಿಲ್ಲ. ಆ ದಿನದಿಂದ ಕೊಕ್ಕರೆಯ ಮಾತನ್ನೂ ಎತ್ತಲಿಲ್ಲ.

ಮನೆಯಲ್ಲಿ ಗೋಧಿಯ ಡಬ್ಬಿಯೇ ಅವಳ ಶತ್ರು. ಬೆರಳು ಜೋಡಿಸಿ ಕಾಳಿನೊಳಗೆ ಚುಚ್ಚುವುದೇ ಚುಚ್ಚುವುದು. ಉಗುರಿನ ಬುಡ ಬಾತುಕೊಂಡು ಚಾಕ್ ಪೀಸ್ ಹಿಡಿಯಲೂ ಆಗುತ್ತಿರಲಿಲ್ಲ. "ರೊಟ್ಟಿ ಬಡಿಯೂ ಕೈಯಾಗ ಇದೆಂಥಾ ವಿದ್ಯೆವಾ?" ಎಂದು ಅವ್ವ ಗೊಣಗುತ್ತಲೇ ರಾತ್ರಿ ಆ ಬೆರಳುಗಳಿಗೆ ಬಿಸಿ ಎಣ್ಣೆ ಹಚ್ಚುತ್ತಿದ್ದಳು. ಒಬ್ಬ ಟೀಚರ್ ಶಾಲೆಗೆ ನಡೆದು ಹೋಗಲು ಇಷ್ಟೆಲ್ಲ ಕಲಿಯಬೇಕೇ? ಬಿ.ಇಡಿ, ಟಿ.ಸಿ.ಎಚ್ ಯಾವುದರ ಸಿಲೆಬಸ್ಸಿನಲ್ಲೂ ಇದು ಇಲ್ಲವಲ್ಲ!

ಜೋಳ ಆಳೆತ್ತರ ಬೆಳೆದು ನಿಂತಿದ್ದ ಒಂದು ಮುಂಜಾನೆ ಅವನು ಗಾಡಿಯನ್ನು ದಾರಿಗೆ ಅಡ್ಡ ನಿಲ್ಲಿಸಿದ. ಇಳಿದು ಬಂದು ಅವಳ ಕೈ ಹಿಡಿದ. ಗಿರಿಜಾ ಕೊಸರಾಡಲಿಲ್ಲ. ಹತ್ತಿರ ಬರಲು ಬಿಟ್ಟಳು.

ಎರಡು ಬೆರಳು, ಗಂಟಲಿಗೆ.

ಅವನು ಕೆಮ್ಮುತ್ತ ಹೊಲದ ಬದುವಿನ ಮೇಲೆ ಕುಸಿದ. ಗಿರಿಜಾ ಶಾಲೆಗೆ ಹೋಗಿ ಪ್ರಾರ್ಥನೆ ಮಾಡಿಸಿದಳು, ಮಗ್ಗಿ ಹೇಳಿಸಿದಳು, ಸಂಜೆ ಮನೆಗೆ ಬಂದು ವಾಂತಿ ಮಾಡಿಕೊಂಡಳು.

"ಅಕ್ಕಾ, ಕಲಿತದ್ದು ಕೆಲಸಕ್ಕ ಬಂತು" ಅಂದಳು. ದನಿಯಲ್ಲಿ ಗೆದ್ದ ಖುಷಿ ಎಳ್ಳಷ್ಟೂ ಇರಲಿಲ್ಲ. "ಆದ್ರ ಅವನ ಉಸರಿನ ವಾಸನಿ ಹೋಗವಲ್ದು. ಮೂರ ಸಲ ಮಾರಿ ತೊಳಕೊಂಡೆ."

ಗಾಡಿಯಿಂದ ಬಿದ್ದೆ ಎಂದು ಅವನು ಊರಿಗೆಲ್ಲ ಹೇಳಿದ್ದ. ಹೆಂಗಸು ಹೊಡೆದಳೆಂದು ಯಾವ ಬಾಯಿಂದ ಹೇಳಬೇಕು? ಆದರೆ ಕಳೆ ತೆಗೆಯುತ್ತಿದ್ದ ಹೆಂಗಸೊಬ್ಬಳು ನೋಡಿದ್ದಳು. ಊರು ಮೊದಲು ನಕ್ಕಿತು, ಆಮೇಲೆ ಸಿಟ್ಟಾಯಿತು. ಅವನ ಮೇಲಲ್ಲ, ನಮ್ಮ ಗಿರಿಜಾಳ ಮೇಲೆ.

ಆ ಊರಿನ ಹಿರಿಯರು ನಮ್ಮ ಮನೆಗೇ ಬಂದರು. ಅವ್ವ ಚಹಾ ಕೊಟ್ಟಳು. ಕಪ್ಪಿನಿಂದ ಬಸಿಗೆ ಸುರಿದುಕೊಂಡು ಕುಡಿದ ಒಬ್ಬರು, "ಹೆಣ್ಣಮಗಳು ಕೈ ಎತ್ತೂದು ಶೋಭಾ ಅಲ್ಲ ಯವ್ವಾ. ಅವನ ಗಂಟಲಕ್ಕ ಏನರ ಆಗಿದ್ರ?" ಎಂದರು.

"ನನ್ನ ಕೂಸಿಗೆ ಏನರ ಆಗಿದ್ರ?" ಅವ್ವ ಬಾಗಿಲಲ್ಲೇ ನಿಂತು ಕೇಳಿದಳು. ಹಿರಿಯರು ಕಪ್ಪು ಕೆಳಗಿಟ್ಟು ಎದ್ದರು.

ಊರಿನವರ ಒತ್ತಡಕ್ಕೆ ಗಿರಿಜಾಳಿಗೆ ವರ್ಗಾವಣೆ ಆಯಿತು. ರಾಮದುರ್ಗದ ಕಡೆಯ ಸಾಲಹಳ್ಳಿಯಿಂದಲೂ ಎಷ್ಟೋ ಒಳಗಿನ ಊರು. ದಿನಾ ಓಡಾಡುವ ದೂರವಲ್ಲ. ಆ ದೊಡ್ಡ ಮನೆತನದವನು ಇವತ್ತಿಗೂ ಅದೇ ಹೊಲದ ದಾರಿಯಲ್ಲಿ ಹಾರ್ನ್ ಹೊಡೆಯುತ್ತ ತಿರುಗುತ್ತಾನೆ. ಗಿರಿಜಾ ಕುಂಗ್ ಫೂ ಬಿಟ್ಟಳು. ಮಾಸ್ತರರು ಅಂಗಡಿಯಿಂದ ನೇರ ಮನೆಗೆ ಬಂದು, "ಇನ್ನೊಂದ ಪ್ರಾಣಿ ಕಲಿಯೂಣಲ್ರಿ ಟೀಚರ?" ಎಂದು ಕೇಳಿದರು. "ಸಾಕರಿ. ಮತ್ತ ಯಾರನ್ನೂ ಅಷ್ಟ ಹತ್ರ ಬರಗೊಡೂದು ನನ್ನ ಕಡಿಂದ ಆಗೂದಿಲ್ಲ" ಅಂದಳು. ಪಾಪ, ಅವರು ತಲೆ ತಗ್ಗಿಸಿ ಹೊರಟರು.

ಹೋದ ಸೋಮವಾರ ಅವಳನ್ನು ಹೊಸ ಶಾಲೆಗೆ ಬಿಟ್ಟು ಬಂದೆ. ಅಲ್ಲಿಯ ಹೆಡ್ ಮಾಸ್ತರರು ಕುರ್ಚಿ ಕೊಟ್ಟರು, ನೀರು ತರಿಸಿದರು. ಆಮೇಲೆ ದನಿ ತಗ್ಗಿಸಿ, "ನಿಮ್ಮ ಸುದ್ದಿ ಕೇಳೇನ್ರಿ. ಇಲ್ಲಿ ಅಂಥಾದ್ದೇನೂ ಮಾಡಬ್ಯಾಡ್ರಿ. ಇದು ಶಾಂತ ಊರು" ಅಂದರು.

ಗಿರಿಜಾ "ಹೂಂರಿ" ಅಂದು ಹಾಜರಿ ಪುಸ್ತಕಕ್ಕೆ ಸಹಿ ಮಾಡಿದಳು.

ಶಾಂತ ಊರು ಅಂದರೆ ಹೆಂಗಸರು ಬಾಯಿ ಮುಚ್ಚಿಕೊಂಡಿರುವ ಊರು ಅಂತಲೇ?