ತಡೆಯಾಜ್ಞೆ ರುದ್ರಮುನಿಯವರು

ವಿಜಯನಗರದ ನಮ್ಮ ಮನೆ ಮಾಲೀಕರಾದ ರುದ್ರಮುನಿಯವರಿಗೆ ಮಂಜೂರಾಗಿದ್ದು ಎರಡು ಮಹಡಿ, ಅವರು ಕಟ್ಟಿಸಿದ್ದು ಮೂರು. ಮೂರನೆಯದನ್ನು ಒಡೆಯುತ್ತೇವೆಂದು ನೋಟಿಸ್ ಬಂದಾಗ ಕೋರ್ಟಿನಿಂದ ತಡೆಯಾಜ್ಞೆ ತಂದು, ಕಟ್ಟು ಹಾಕಿಸಿ, ದೇವರ ಮನೆಯಲ್ಲಿಟ್ಟು ದಿನವೂ ವಿಭೂತಿ ಹಚ್ಚುತ್ತಿದ್ದಾರೆ. ಹಬ್ಬ ಯಾವತ್ತು ಎಂದು ಕೇಳಿದರೆ, "ನಮ್ಮ ಕೇಸಿನ ವಾಯಿದೆ ಆಗಿ ಮೂರನೇ ದಿನ" ಎನ್ನುತ್ತಾರೆ. ಬೀದಿಯಲ್ಲಿ ಜೆಸಿಬಿ ಸದ್ದಾದರೆ ಸಾಕು, ಆ ಪಟವನ್ನು ಎದೆಗವಚಿಕೊಂಡು ಓಡುತ್ತಾರೆ. ಅದು ಚರಂಡಿ ತೋಡಲು ಬಂದದ್ದಾದರೂ ಡ್ರೈವರ್‌ಗೆ ಆಜ್ಞೆಯನ್ನು ಪೂರ್ತಿ ಓದಿ ಹೇಳದೆ ಬಿಡುವುದಿಲ್ಲ. ಬಾಡಿಗೆದಾರನಾದ ನನ್ನನ್ನು ಕೆಳಗಿಟ್ಟು, ಗಾಳಿ ಬೆಳಕಿನ ಆ ಮೂರನೇ ಮಹಡಿಯಲ್ಲಿ ಅವರೇ ಇದ್ದಾರಲ್ಲ ಎಂದು ನನಗೆ ಹೊಟ್ಟೆಕಿಚ್ಚು. ಒಂದು ದಿನ ಕೇಳಿಯೇಬಿಟ್ಟೆ. "ಅಯ್ಯೋ ಸಾರ್, ಕದ್ದು ಕಟ್ಟಿದೋನು ನಾನು. ಸ್ಟೇ ಹೋದ್ ದಿನ ನಿಮ್ ಪಾತ್ರೆ ಪಡಗ ಯಾಕೆ ಬೀದಿಗೆ ಬರ್ಬೇಕು?" ಎಂದರು.