ಕಾಕಿಯ ದೋಣಿಮನೆ

ಮಳೆಗಾಲ ಶುರುವಾದ ಮೇಲೆ ಪುರಸಭೆಯವರಿಗೆ ನಮ್ಮ ಸಿಂದಗಿಯ ಓಣಿಗೆ ಡಾಂಬರು ಹಾಕುವ ಬುದ್ಧಿ ಬಂದಿದೆ. ನಿನ್ನೆ ಎಲ್ಲರೂ ಮೂಗು ಮುಚ್ಚಿಕೊಂಡು ಓಡಾಡುತ್ತಿದ್ದರೆ ನಾನೊಬ್ಬ ಬಾಗಿಲಲ್ಲಿ ನಿಂತು ವಾಸನೆ ಹೀರುತ್ತಿದ್ದೆ. "ಅದೇನ ಅತ್ತರೇನ್ರಿ, ಅಷ್ಟ ಮೂಸಾಕತ್ತೀರಿ?" ಎಂದಳು ಹೆಂಡತಿ. ನನಗೆ ಅದು ಕಾಕಾನ ದೋಣಿಯ ವಾಸನೆ.

ನಾಲತವಾಡದ ಆಚೆ, ಅಣೆಕಟ್ಟಿನ ಹಿನ್ನೀರಿನಲ್ಲಿ ಕಾಕಾ ಜನರನ್ನು ದಾಟಿಸುತ್ತಿದ್ದ. ಸೇತುವೆಯಾದ ಮೇಲೆ ದೋಣಿ ಹತ್ತುವವರೇ ಇಲ್ಲ. ಮಾರುವ ಮಾತು ಬಂದಾಗ ಕಾಕಿ ತಡೆದಳು. ಅವಳು ಲಗ್ನವಾಗಿ ಬಂದ ಊರು ಆ ನೀರಿನ ಕೆಳಗಿತ್ತು. ದಿಬ್ಬದ ಮೇಲೆ ಸರಕಾರ ಕಟ್ಟಿಕೊಟ್ಟ ಹೊಸ ಮನೆ ಅವಳಿಗೆ ಎಂದೂ ಮನೆಯೆನಿಸಲಿಲ್ಲ. "ಮುಳುಗಿದ ನಮ್ಮ ಮನಿ ಮ್ಯಾಲ ಇದನ್ನ ನಿಂದ್ರಸ್ರಿ. ವರ್ಷಾನಗಟ್ಲೆ ಅಲ್ಲೇ ಇರ್ತೇನಿ," ಅಂದಳು.

ಇದೆಂಥ ಹುಚ್ಚು ಎಂದು ನಾನು ನಕ್ಕೆ, ನಗುತ್ತಲೇ ಡಾಂಬರು ಹಚ್ಚಲು ಕುಳಿತೆ. ದೋಣಿಗಿಂತ ನನ್ನ ಪ್ಯಾಂಟಿಗೇ ಹೆಚ್ಚು ಹತ್ತಿತು. ಮಳೆಗೆ ತಗಡಿನ ಸೂರು, ಬಿಸಿಲಿಗೆ ಅದರ ಮೇಲೆ ಜೋಳದ ಒಣದಂಟಿನ ಕಣಿಕೆ, ಚಳಿಗಾಳಿಗೆ ತಾಡಪತ್ರಿಯ ಪರದೆ, ಮೂಲೆಗೆ ಮಣ್ಣಿನ ಒಲೆ. ಇಷ್ಟಾದರೂ ಕಾಕಿ ಹತ್ತಲಿಲ್ಲ. "ಹೊಸ್ತಿಲಿಲ್ಲದ್ದು ಯಾವ ಮನಿ?" ಕಾಕಾ ಹಲಗೆ ಜಡಿದ. ಅದಕ್ಕೆ ಅರಿಷಿಣ ಹಚ್ಚಿ ಒಳಗೆ ಕಾಲಿಟ್ಟಳು. ಸಂಜೆ ಅವಳು ರೊಟ್ಟಿ ಬಡಿಯುವ ಸಪ್ಪಳ ದಂಡೆಯವರೆಗೂ ಕೇಳುತ್ತಿತ್ತು.

ನೋಡಿ, ಎಲ್ಲ ಕಾಲಕ್ಕೂ ಸಿದ್ಧರಾದ ನಾವು ಬೇಸಿಗೆಯಲ್ಲಿ ನೀರು ಇಳಿಯುವುದನ್ನೇ ಮರೆತಿದ್ದೆವು. ಬದುಕೆಲ್ಲ ನೀರಿನ ಮೇಲೆ ಕಳೆದ ಕಾಕಾನಿಗೂ ಕಾಕಿಯ ಸಡಗರದಲ್ಲಿ ಅದು ನೆನಪಾಗಲಿಲ್ಲ. ದೋಣಿ ಇಳಿದಿಳಿದು ಹಳೆಯ ಮನೆಯ ಗೋಡೆಯ ಮೇಲೆಯೇ ಕುಳಿತು ತಳ ಸೀಳಿತು. ಕಾಕಾ ತಲೆಯ ಮೇಲೆ ಕೈಹೊತ್ತು ಕುಳಿತ. ಕಾಕಿ ಕಸಬರಿಗೆ ಹಿಡಿದು ಇಳಿದು, ಕೆಸರು ಗುಡಿಸುತ್ತ ತನ್ನ ಅಂಗಳ ಹುಡುಕಿದಳು. ಅಷ್ಟು ಖುಷಿಯಲ್ಲಿ ಅವಳನ್ನು ನಾನು ಎಂದೂ ಕಂಡಿರಲಿಲ್ಲ.

ಆ ಬೇಸಿಗೆಯಲ್ಲೇ ಎದೆನೋವು ಬಂದು ಕಾಕಿ ತೀರಿಹೋದಳು. "ನನ್ನ ಇಲ್ಲೇ ಮಣ್ಣ ಮಾಡ್ರಿ," ಎಂದಿದ್ದಳಂತೆ. ಆ ಮನೆಯ ಹಿತ್ತಲಲ್ಲೇ ಮಣ್ಣು ಮಾಡಿದೆವು. ಮಳೆ ಬಂದರೆ ನೀರು ಏರುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಕಾಕಾ ತಳ ರಿಪೇರಿ ಮಾಡಿಕೊಂಡು ದೋಣಿಯಲ್ಲೇ ಉಳಿದ. ಈಗ ಬೇಸಿಗೆಗೆ ಮೊದಲು ಆಳದ ಕಡೆ ಸರಿಸುತ್ತಾನೆ, ನೀರು ಬಂದೊಡನೆ ಮತ್ತೆ ಅಲ್ಲಿಗೇ ತರುತ್ತಾನೆ. ನಮ್ಮ ಮನೆಗೆ ಬಂದಿರು ಎಂದು ನಾನು ಪ್ರತಿ ಮಳೆಗಾಲ ಕರೆಯುತ್ತೇನೆ, ಬೈಯುತ್ತೇನೆ ಕೂಡ.

ನಿನ್ನೆಯೂ ಕರೆಯಲೆಂದೇ ಫೋನು ಹಚ್ಚಿದೆ. "ಏನ್ ಮಾಡಾಕತ್ತಿ ಕಾಕಾ?"

"ಸುಮ್ನ ಕುಂತೇನಿ ತಮ್ಮಾ. ಇವತ್ತ ಮುಂಜಾನಿ ನಿಮ್ಮ ಕಾಕಿ ಮ್ಯಾಲ ನೀರ ಬಂತು. ಒಬ್ಬಾಕಿನ್ನ ಬಿಟ್ಟ ಎಲ್ಲಿ ಹೋಗ್ಲಿ?"

ನನಗೆ ಅಳು ತಡೆಯಲಾಗಲಿಲ್ಲ. ಮೊದಲ ಸಲ, ಬಾ ಎನ್ನಲಿಲ್ಲ. "ಥಂಡಿ ಐತಿ. ಹೊಚ್ಚಿಕೊಳ್ಳಾಕ ರಗ್ಗ ಅದಾವಿಲ್ಲೊ?" ಎಂದು ಕೇಳಿದೆ.

"ಎರಡ ಅದಾವಪ್ಪ," ಎಂದ.